ಎಂ ಮೋಡ್‌ನಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್: ನಮ್ಮ ಭಾನುವಾರದ ಫೋಟೋ ಸುತ್ತಾಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯ ಒಂದಷ್ಟು ಗೆಳೆಯರು ತಿಂಗಳಿಗೆ ಒಂದೆರಡು ಭಾನುವಾರ ಕ್ಯಾಮೆರಾ ಹಿಡಿದು ಹೊರಡುತ್ತೇವೆ. ಒಮ್ಮೆ ನಂದಿ, ಒಮ್ಮೆ ಶಿರಾ ಹತ್ತಿರದ ಕಗ್ಗಲಡು, ಒಮ್ಮೆ ಕೋಲಾರದ ಅಂತರಗಂಗೆ. ಮಿರರ್‌ಲೆಸ್ ಕ್ಯಾಮೆರಾ ಹೊಸದಾಗಿ ಕೊಂಡವರು ಪ್ರತಿ ಸಲ ಸೇರಿಕೊಳ್ಳುತ್ತಾರೆ. ಅವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ: ಎಂ (ಮ್ಯಾನುಯಲ್) ಮೋಡ್ ಮತ್ತು ಎಕ್ಸ್‌ಪೋಶರ್ ಕಾಂಪೆನ್ಸೇಶನ್‌ನ ಪ್ಲಸ್-ಮೈನಸ್ ಡಯಲ್. ಬೆಟ್ಟದ ಮೇಲೆ ಚಳಿಯಲ್ಲಿ ನಿಂತು ಹೇಳಿದ್ದು ಮನೆಗೆ ಹೋಗುವಷ್ಟರಲ್ಲಿ ಮರೆತು ಹೋಗುತ್ತದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಎಂ ಮೋಡ್‌ನಲ್ಲಿ ಪ್ಲಸ್-ಮೈನಸ್ ಡಯಲ್ ತಿರುಗಿಸಿದರೆ ಏನೂ ಆಗುತ್ತಿಲ್ಲ. ಕ್ಯಾಮೆರಾ ಕೆಟ್ಟಿದೆಯಾ?

ಕೆಟ್ಟಿಲ್ಲ. ನಿಮ್ಮ ಐಎಸ್‌ಒ, ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಅಳತೆ, ಒಂದು ಸಂಖ್ಯೆಯಲ್ಲಿ ನಿಂತಿದೆ, ಅಷ್ಟೇ. ಅದನ್ನು ಆಟೋಗೆ ಹಾಕಿ ಮತ್ತೆ ಡಯಲ್ ತಿರುಗಿಸಿ ನೋಡಿ.

ಕಾಂಪೆನ್ಸೇಶನ್ ಅಂದರೆ ನಾವು ಕ್ಯಾಮೆರಾಗೆ ಹೇಳುವ ಒಂದು ಮಾತು: "ನೀನು ಲೆಕ್ಕ ಹಾಕಿದ್ದಕ್ಕಿಂತ ಇನ್ನೊಂದು ಸ್ವಲ್ಪ ಬೆಳ್ಳಗೆ ಮಾಡು" ಅಥವಾ "ಕಪ್ಪಗೆ ಮಾಡು". ಆ ಮಾತು ನಡೆಯಬೇಕಾದರೆ ಕ್ಯಾಮೆರಾ ಕೈಯಲ್ಲಿ ಏನಾದರೂ ಒಂದು ಇರಬೇಕು. ಶಟರ್ (ಬೆಳಕು ಎಷ್ಟು ಹೊತ್ತು ಬೀಳಬೇಕು) ನೀವು ಹಿಡಿದಿದ್ದೀರಿ, ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು) ನೀವು ಹಿಡಿದಿದ್ದೀರಿ, ಐಎಸ್‌ಒ ಕೂಡ ನೀವೇ ಹಿಡಿದಿದ್ದೀರಿ. ಪಾಪ, ಅದು ಯಾವುದನ್ನು ಬದಲಿಸಬೇಕು?

ನಮ್ಮ ಗುಂಪಿಗೆ ಬಂದ ಒಬ್ಬ ಹುಡುಗ ಇದೇ ಕಾರಣಕ್ಕೆ ಕ್ಯಾಮೆರಾವನ್ನು ರಿಪೇರಿಗೆ ಕೊಟ್ಟಿದ್ದ. ಎರಡು ವಾರ ಇಟ್ಟುಕೊಂಡು, ಡಯಲ್ ಸ್ವಚ್ಛ ಮಾಡಿದ್ದೇವೆ ಅಂತ ದುಡ್ಡು ತಗೊಂಡು ವಾಪಸ್ ಕೊಟ್ಟಿದ್ದರು. ಐಎಸ್‌ಒ ಮಾತ್ರ ಹಾಗೇ 400ರಲ್ಲಿ ಇತ್ತು. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಅದನ್ನು ಆಟೋಗೆ ಹಾಕಿದಾಗ ಅವನ ಮುಖ ನೋಡಬೇಕಿತ್ತು. ಅವತ್ತಿನಿಂದ, ಯಾರೇ ಹೊಸಬರು ಬಂದರೂ ನಾನು ಮೊದಲು ಕೇಳುವುದು ಒಂದೇ: ಐಎಸ್‌ಒ ಯಾರ ಕೈಯಲ್ಲಿದೆ?

ಎಲ್ಲಾನೂ ನಾವೇ ಇಡೋದು ತಾನೇ ಮ್ಯಾನುಯಲ್? ಐಎಸ್‌ಒ ಆಟೋ ಹಾಕಿದರೆ ಅದು ಹೇಗೆ ಮ್ಯಾನುಯಲ್ ಆಗುತ್ತೆ?

ಹೆಸರಿಗಿಂತ ಕೆಲಸ ಮುಖ್ಯ. ಫೋಟೋದ ರೂಪ ಕೊಡುವುದು ಶಟರ್ ಮತ್ತು ಅಪರ್ಚರ್. ಓಡುವ ಕರು ನಿಂತ ಹಾಗೆ ಕಾಣಬೇಕಾ, ಹಿಂದಿನ ಮರ ಮಸುಕಾಗಬೇಕಾ ಅನ್ನುವುದನ್ನು ತೀರ್ಮಾನಿಸುವುದು ಅವೆರಡೇ. ಅವನ್ನು ನೀವು ಇಟ್ಟುಕೊಂಡು, ಬೆಳಕು ಏರಿಳಿದಾಗ ಸರಿದೂಗಿಸುವ ಕೆಲಸವನ್ನು ಐಎಸ್‌ಒಗೆ ಬಿಟ್ಟರೆ ಏನೂ ನಷ್ಟವಿಲ್ಲ. ಹಕ್ಕಿ, ಹಬ್ಬ, ಜಾತ್ರೆ, ಮಕ್ಕಳ ಆಟ ತೆಗೆಯುವವರಲ್ಲಿ ತುಂಬಾ ಜನ ಹೀಗೇ ತೆಗೆಯುತ್ತಾರೆ. ನಾನೂ ಅರ್ಧಕ್ಕಿಂತ ಜಾಸ್ತಿ ಹೀಗೇ ತೆಗೆಯುತ್ತೇನೆ.

ಆದರೆ ಬೆಳಕು ಬದಲಾಗದ ಜಾಗದಲ್ಲಿ ಐಎಸ್‌ಒ ಕೂಡ ನೀವೇ ಹಿಡಿಯುವುದು ಒಳ್ಳೆಯದು. ಅದರ ಬಗ್ಗೆ ಕಗ್ಗಲಡು ಪ್ರಶ್ನೆಯಲ್ಲಿ ಹೇಳುತ್ತೇನೆ.

+1, -0.7 ಅಂತ ಬರುತ್ತಲ್ಲ, ಆ ಸಂಖ್ಯೆ ಏನು?

ಒಂದು ಅಂದರೆ ಒಂದು ಸ್ಟಾಪ್. ಒಂದು ಸ್ಟಾಪ್ ಮೇಲೆ ಹೋದರೆ ಎರಡರಷ್ಟು, ಕೆಳಗೆ ಬಂದರೆ ಅರ್ಧ. ಐಎಸ್‌ಒ 400 ಇದ್ದಾಗ +1 ಕೊಟ್ಟರೆ 800 ಆಗುತ್ತದೆ, -1 ಕೊಟ್ಟರೆ 200. ಡಯಲ್‌ನ ಒಂದೊಂದು ಕ್ಲಿಕ್ ಸಾಮಾನ್ಯವಾಗಿ ಮೂರನೇ ಒಂದು ಸ್ಟಾಪ್. ಅದಕ್ಕೇ 0.3, 0.7, 1.0 ಅಂತ ಹೋಗುತ್ತದೆ. ಮೂರು ಕ್ಲಿಕ್ ಅಂದರೆ ಒಂದು ಸ್ಟಾಪ್.

ಇಷ್ಟು ದುಬಾರಿ ಕ್ಯಾಮೆರಾ. ಅದಕ್ಕೆ ಸರಿಯಾದ ಬೆಳಕು ಗೊತ್ತಾಗಲ್ವಾ? ನಾವ್ಯಾಕೆ ತಿದ್ದಬೇಕು?

ಇದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಓದುವುದಕ್ಕಿಂತ ಮಾಡಿ ನೋಡುವುದು ವಾಸಿ.

ಮನೆಯಲ್ಲಿ ಒಂದು ಬಿಳಿ ಪಂಚೆ, ಒಂದು ಕರಿ ಕಂಬಳಿ ತಗೊಳ್ಳಿ. ನೆರಳಿರುವ ಜಗುಲಿಯ ಮೇಲೆ ಪಕ್ಕಪಕ್ಕ ಹಾಸಿ. ಎಂ ಮೋಡ್, ಅಪರ್ಚರ್ ಎಫ್ 4, ಶಟರ್ 1/125, ಐಎಸ್‌ಒ ಆಟೋ, ಕಾಂಪೆನ್ಸೇಶನ್ ಸೊನ್ನೆ. ಫ್ರೇಮ್ ತುಂಬಾ ಪಂಚೆ ಮಾತ್ರ ಬರುವ ಹಾಗೆ ಒಂದು ಫೋಟೋ. ಆಮೇಲೆ ಕಂಬಳಿ ಮಾತ್ರ ಬರುವ ಹಾಗೆ ಇನ್ನೊಂದು. ಈಗ ಎರಡನ್ನೂ ನೋಡಿ. ಪಂಚೆ ಬೂದಿ ಬಣ್ಣ. ಕಂಬಳಿಯೂ ಬೂದಿ ಬಣ್ಣ. ಯಾವುದು ಯಾವುದು ಅಂತ ನೇಯ್ಗೆ ನೋಡಿಯೇ ಹೇಳಬೇಕು.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ಗೆ ಪಂಚೆ ಗೊತ್ತಿಲ್ಲ, ಕಂಬಳಿ ಗೊತ್ತಿಲ್ಲ. ಅದು ನೋಡುವುದು ವಸ್ತುವಿನಿಂದ ವಾಪಸ್ ಬರುವ ಬೆಳಕನ್ನು ಮಾತ್ರ. ಏನು ಕಂಡರೂ ಅದನ್ನು ನಡುಮಟ್ಟದ ಬೂದಿಗೆ ತರಲು ನೋಡುತ್ತದೆ. ಫೋಟೋದವರು ಶೇಕಡಾ 18ರ ಬೂದಿ ಅನ್ನುತ್ತಾರಲ್ಲ, ಹೆಚ್ಚು ಕಡಿಮೆ ಅದು. ಹಾಗಾಗಿ ಬಿಳಿ ಕಂಡರೆ ಇಳಿಸುತ್ತದೆ, ಕಪ್ಪು ಕಂಡರೆ ಏರಿಸುತ್ತದೆ.

ನಾನು ಈ ಪರೀಕ್ಷೆ ಮಾಡಿದ ದಿನ ಪಂಚೆಗೆ ಕ್ಯಾಮೆರಾ ಆರಿಸಿದ ಐಎಸ್‌ಒ 250. ಕಂಬಳಿಗೆ 3200. ಪಂಚೆ ಕಣ್ಣಿಗೆ ಕಂಡಷ್ಟು ಬೆಳ್ಳಗೆ ಬರುವ ತನಕ ಪ್ಲಸ್ ಕಡೆ ತಿರುಗಿಸುತ್ತಾ ಹೋದೆ. +1.7ಕ್ಕೆ ಸರಿಯಾಯಿತು. ಕಂಬಳಿ ಕರ್ರಗೆ ಆಗುವ ತನಕ ಮೈನಸ್ ಕಡೆ ತಿರುಗಿಸಿದೆ. -2ಕ್ಕೆ ಸರಿಯಾಯಿತು. ಆಮೇಲೆ ಐಎಸ್‌ಒ ಎಷ್ಟಾಗಿದೆ ಅಂತ ನೋಡಿದರೆ ಪಂಚೆಗೂ 800, ಕಂಬಳಿಗೂ 800.

ಯೋಚನೆ ಮಾಡಿದರೆ ಹಾಗೇ ಆಗಬೇಕಲ್ವಾ? ಜಗುಲಿ ಒಂದೇ, ಅದರ ಮೇಲೆ ಬೀಳುತ್ತಿದ್ದ ಬೆಳಕೂ ಒಂದೇ. ಬೇರೆ ಇದ್ದದ್ದು ಬಟ್ಟೆಯ ಬಣ್ಣ ಮಾತ್ರ. ಆ ಎರಡು 800 ನೋಡಿದ ದಿನ ನನಗೆ ಕಾಂಪೆನ್ಸೇಶನ್ ಅಂದರೆ ಏನು ಅಂತ ನಿಜವಾಗಿ ಅರ್ಥವಾಯಿತು. ನಿಮಗೆ ಸಿಗುವ ಸಂಖ್ಯೆ ಒಂದೆರಡು ಕ್ಲಿಕ್ ಆಚೀಚೆ ಇರಬಹುದು. ಆದರೆ ಎರಡೂ ಒಂದೇ ಕಡೆಗೆ ಬಂದು ಸೇರುವುದನ್ನು ನೀವೇ ಕಣ್ಣಾರೆ ನೋಡಿ.

ಹಾಗಾದರೆ ಯಾವುದಕ್ಕೆ ಎಷ್ಟು ಕೊಡಬೇಕು?

ಬಾಯಿಪಾಠ ಮಾಡಬೇಡಿ. ಎದುರಿಗೆ ಇರುವುದು ನಡುಮಟ್ಟದ ಬೂದಿಗಿಂತ ಬೆಳ್ಳಗಿದೆಯಾ, ಕಪ್ಪಗಿದೆಯಾ ಅಂತ ಕೇಳಿಕೊಳ್ಳಿ. ಬೆಳ್ಳಗಿದ್ದರೆ ಪ್ಲಸ್, ಕಪ್ಪಗಿದ್ದರೆ ಮೈನಸ್. ನಮ್ಮ ಕಡೆಯ ಕೆಲವು ಉದಾಹರಣೆ ಹೇಳುತ್ತೇನೆ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ದ್ವಿತಳಿ ಬಿಳಿ ಗೂಡಿನ ರಾಶಿಯನ್ನು ಹತ್ತಿರದಿಂದ ತೆಗೆದರೆ +1.3ರಿಂದ +1.7 ಬೇಕಾಗುತ್ತದೆ. ಮಿಶ್ರತಳಿಯ ಹಳದಿ ಗೂಡಾದರೆ +1 ಸಾಕು. ಅದೇ ಗೂಡು ಇನ್ನೂ ಚಂದ್ರಿಕೆಯಲ್ಲಿದ್ದು (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ), ನಡುನಡುವೆ ಬಿದಿರು ಕಾಣುತ್ತಿದ್ದರೆ +0.3 ಅಥವಾ ಸೊನ್ನೆಯೇ ಸರಿಹೋಗಬಹುದು. ಎಷ್ಟು ಬಿಳಿ ಇದೆ ಅನ್ನುವುದರ ಜೊತೆಗೆ ಫ್ರೇಮಿನ ಎಷ್ಟು ಭಾಗ ಬಿಳಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ರಾಗಿ ಮುದ್ದೆ ಫ್ರೇಮ್ ತುಂಬಿದರೆ -1. ಅದೇ ಮುದ್ದೆ ಬಾಳೆಎಲೆ ಮೇಲೆ, ಪಕ್ಕದಲ್ಲಿ ಅನ್ನ, ಬಸ್ಸಾರು ಎಲ್ಲಾ ಇದ್ದರೆ ಸೊನ್ನೆಯಿಂದ ಶುರು ಮಾಡಿ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣ ಮಂಟಪದ ಕಂಬಗಳು ಕಪ್ಪು ಕಲ್ಲಿನವು. ಸೂಕ್ಷ್ಮ ಕೆತ್ತನೆ, ಅಲ್ಲಲ್ಲಿ ಹೊಳಪು. ಸೊನ್ನೆಯಲ್ಲಿ ತೆಗೆದರೆ ಆ ಕಲ್ಲು ಸಿಮೆಂಟ್ ಥರ ಕಾಣುತ್ತದೆ. -1 ಕೊಡಿ, ಕಲ್ಲಿಗೆ ಕಲ್ಲಿನ ತೂಕ ಬರುತ್ತದೆ.

ಕೆಜಿಎಫ್‌ನ ಸೈನೈಡ್ ಗುಡ್ಡಗಳ ಕಥೆ ಇದಕ್ಕೆ ಉಲ್ಟಾ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳು ಮಾತ್ರ ಊರಿನ ಪಕ್ಕದಲ್ಲಿ ಹಾಗೇ ಇವೆ. ಮಧ್ಯಾಹ್ನದ ಬಿಸಿಲಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತವೆ. ಸೊನ್ನೆಯಲ್ಲಿ ತೆಗೆದರೆ ಮೋಡದ ದಿನದ ಹಾಗೆ ಮಂಕಾಗುತ್ತದೆ, +0.7 ಅಥವಾ +1 ಬೇಕು. ದೂರದಿಂದಲೇ ತೆಗೆಯಿರಿ. ಗಾಳಿಗೆ ಏಳುವ ಆ ಧೂಳು ಒಳ್ಳೆಯದಲ್ಲ.

ಕಗ್ಗಲಡುವಿನಲ್ಲಿ ಕೊಕ್ಕರೆ ಹಾರುವಾಗ ತೆಗೆದೆ. ಆಕಾಶದಲ್ಲಿ ಇರುವಾಗ ಹಕ್ಕಿ ಕಪ್ಪು, ಮರದ ಮುಂದೆ ಬಂದಾಗ ಪೂರ್ತಿ ಬಿಳಿ. ಎರಡಕ್ಕೂ ಒಂದೇ ಕಾಂಪೆನ್ಸೇಶನ್ ಇತ್ತು. ಏನು ತಪ್ಪು ಮಾಡಿದೆ?

ನಿಮ್ಮ ತಪ್ಪಲ್ಲ. ಆ ಜಾಗದ ಸ್ವಭಾವವೇ ಹಾಗೆ.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಅವನ್ನು ಮನೆ ಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ. ಅಲ್ಲಿ ಹಕ್ಕಿ ಒಂದು ಕ್ಷಣ ಬಿಳಿ ಆಕಾಶದ ಎದುರು ಇರುತ್ತದೆ, ಮರುಕ್ಷಣ ಗಾಢ ಹಸಿರು ಎಲೆಗಳ ಎದುರು ಇಳಿಯುತ್ತದೆ.

ಆಕಾಶ ಹಿಂದೆ ಇದ್ದಾಗ ಮೀಟರ್ "ಎಷ್ಟೊಂದು ಬೆಳಕು" ಅಂದುಕೊಂಡು ಐಎಸ್‌ಒ ಇಳಿಸುತ್ತದೆ, ಹಕ್ಕಿ ಕಪ್ಪಾಗುತ್ತದೆ. ಇದಕ್ಕೆ ನೀವು +1.3 ಕೊಟ್ಟಿರಿ ಅಂದುಕೊಳ್ಳಿ, ಸರಿಯಾಯಿತು. ಹಕ್ಕಿ ಎಲೆಗಳ ಮುಂದೆ ಬಂದ ತಕ್ಷಣ ಮೀಟರ್‌ಗೆ ಕತ್ತಲು ಕಂಡಿತು, ಐಎಸ್‌ಒ ಏರಿಸಿತು. ಅದರ ಮೇಲೆ ನಿಮ್ಮ +1.3 ಬೇರೆ. ಬಿಳಿ ಗರಿಯ ಗೆರೆಯೆಲ್ಲ ಅಳಿಸಿ ಹೋಯಿತು.

ಈಗ ಜಗುಲಿಯ ಪಂಚೆ ಕಂಬಳಿ ನೆನಪು ಮಾಡಿಕೊಳ್ಳಿ. ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಯಿತಾ? ಇಲ್ಲ. ಹಿನ್ನೆಲೆ ಮಾತ್ರ ಬದಲಾಯಿತು. ಅಂಥ ಕಡೆ ಐಎಸ್‌ಒ ಕೂಡ ನೀವೇ ಹಿಡಿದುಬಿಡಿ. ಬಿಸಿಲು ಚೆನ್ನಾಗಿರುವ ಬೆಳಗ್ಗೆ 1/1600, ಎಫ್ 6.3 ಇಟ್ಟು, ಐಎಸ್‌ಒ 320 ಅಥವಾ 400ರಿಂದ ಶುರು ಮಾಡಿ. ಗೂಡಿನಲ್ಲಿ ಸುಮ್ನೆ ಕೂತಿರುವ ಒಂದು ಕೊಕ್ಕರೆಯನ್ನು ತೆಗೆದು ದೊಡ್ಡದು ಮಾಡಿ ನೋಡಿ. ಬೆನ್ನಿನ ಬಿಳಿಯಲ್ಲಿ ಗರಿ ಗರಿಯಾಗಿ ಗೆರೆ ಕಾಣಬೇಕು. ಕಾಣದಿದ್ದರೆ ಒಂದೆರಡು ಕ್ಲಿಕ್ ಇಳಿಸಿ. ಒಮ್ಮೆ ಸರಿಯಾದರೆ ಹಕ್ಕಿ ಎಲ್ಲಿಗೆ ಹಾರಿದರೂ ಎಕ್ಸ್‌ಪೋಶರ್ ಅದೇ. ಬಿಸಿಲು ಹೆಚ್ಚು ಕಡಿಮೆ ಆದಾಗ ಮಾತ್ರ ಮತ್ತೆ ನೋಡಿಕೊಂಡರೆ ಸಾಕು.

ಮೋಡ ಬಂದು ಹೋಗಿ ಮಾಡುವ ದಿನ ಇದು ಕಷ್ಟ. ಆಗ ಆಟೋ ಐಎಸ್‌ಒ ಜೊತೆ ಕಾಂಪೆನ್ಸೇಶನ್ನೇ ಸರಿ. ಆಕಾಶ ಅಥವಾ ಮರ, ಎರಡರಲ್ಲಿ ಒಂದು ಹಿನ್ನೆಲೆ ಆರಿಸಿಕೊಂಡು ಅದಕ್ಕೇ ಕಾಯಿರಿ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಿಗೂ ಇದೇ ಲೆಕ್ಕ. ಗಂಡು ಜಿಂಕೆಯ ಬೆನ್ನು ಕಪ್ಪು, ಹೊಟ್ಟೆ ಬಿಳಿ, ಸುತ್ತ ಒಣಗಿದ ಹುಲ್ಲು. ದೂರದಿಂದ ತೆಗೆದಾಗ ಮೀಟರ್ ನೋಡುವುದು ಹುಲ್ಲನ್ನೇ. ಸೊನ್ನೆಯಿಂದ ಶುರು ಮಾಡಿ, ಹೊಟ್ಟೆಯ ಬಿಳಿ ಉಳಿದಿದೆಯಾ ನೋಡಿ.

ಐಎಸ್‌ಒ ನಾನೇ ಹಿಡಿದಾಗ ಕಾಂಪೆನ್ಸೇಶನ್ ಇಲ್ಲ ಅಂದಿರಿ. ಹಾಗಾದರೆ ಪಂಚೆ ತೆಗೆಯುವಾಗ +1.7 ಹೇಗೆ ಕೊಡೋದು?

ಮೀಟರ್ ನೋಡಿಕೊಂಡು ನೀವೇ ಕೊಡಬೇಕು. ಪರದೆಯ ಕೆಳಗೆ ಮೈನಸ್‌ನಿಂದ ಪ್ಲಸ್‌ವರೆಗೆ ಒಂದು ಅಳತೆ ಪಟ್ಟಿ ಅಥವಾ ಸಂಖ್ಯೆ ಕಾಣುತ್ತದೆ. ಅದು +1.7 ತೋರಿಸುವ ತನಕ ಶಟರ್ ನಿಧಾನ ಮಾಡಿ, ಇಲ್ಲ ಅಪರ್ಚರ್ ತೆರೆಯಿರಿ, ಇಲ್ಲ ಐಎಸ್‌ಒ ಏರಿಸಿ. ಮೀಟರ್ ಸೊನ್ನೆಗೆ ಬಂದರೆ ಸರಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಪಂಚೆಗೆ ಸೊನ್ನೆ ಇಟ್ಟರೆ ಮ್ಯಾನುಯಲ್‌ನಲ್ಲೂ ಅದು ಬೂದಿಯೇ.

ನನ್ನ ಕ್ಯಾಮೆರಾದಲ್ಲಿ ಅದು ಎಲ್ಲಿದೆ?

ಸೋನಿಯಲ್ಲಿ ಐಎಸ್‌ಒ ಆಟೋ ಇದ್ದರೆ ಎಂ ಮೋಡ್‌ನಲ್ಲೂ ಕಾಂಪೆನ್ಸೇಶನ್ ಡಯಲ್ ಕೆಲಸ ಮಾಡುತ್ತದೆ. ಪರದೆಯ ಕೆಳಗೆ "ಎಂ.ಎಂ." ಅಂತ ಸಂಖ್ಯೆ ಬರುತ್ತಿದ್ದರೆ ಐಎಸ್‌ಒ ನಿಮ್ಮ ಕೈಯಲ್ಲಿದೆ ಅಂತ ಅರ್ಥ. ಅದು ಬರೀ ಮೀಟರ್ ಹೇಳುವ ಮಾತು, ಕಾಂಪೆನ್ಸೇಶನ್ ಅಲ್ಲ.

ನಿಕಾನ್ ಝಡ್ ಕ್ಯಾಮೆರಾಗಳಲ್ಲಿ ಮೊದಲು ಐಎಸ್‌ಒ ಸೆಟ್ಟಿಂಗ್‌ಗೆ ಹೋಗಿ ಆಟೋ ಐಎಸ್‌ಒ ಆನ್ ಮಾಡಬೇಕು. ಆಮೇಲೆ ಪ್ಲಸ್-ಮೈನಸ್ ಬಟನ್ ಒತ್ತಿ ಹಿಡಿದು ಡಯಲ್ ತಿರುಗಿಸಿ. ಇಲ್ಲೊಂದು ಎಚ್ಚರಿಕೆ ಬೇಕು. ಆಟೋ ಆಫ್ ಇದ್ದಾಗಲೂ ನಿಕಾನ್ ಆ ಸಂಖ್ಯೆಯನ್ನು ಬದಲಿಸಲು ಬಿಡುತ್ತದೆ. ಆಗ ಫೋಟೋ ಬದಲಾಗಲ್ಲ, ಮೀಟರ್‌ನ ಸೂಚನೆ ಮಾತ್ರ ಸರಿಯುತ್ತದೆ. ಹಳೆಯ -1 ಮರೆತು ಉಳಿದಿದ್ದರೆ, ಮೀಟರ್ ಸೊನ್ನೆ ತೋರಿಸಿದರೂ ಫೋಟೋ ಒಂದು ಸ್ಟಾಪ್ ಕಪ್ಪಾಗುತ್ತದೆ.

ಕ್ಯಾನನ್ ಆರ್ ಸರಣಿಯಲ್ಲಿ ಎಂ ಮತ್ತು ಆಟೋ ಐಎಸ್‌ಒ ಇದ್ದಾಗ ಮೆನುವಿನಿಂದ ಕೊಡಬಹುದು. ಆದರೆ ಪ್ರತಿ ಸಲ ಮೆನುಗೆ ಹೋಗಲು ಆಗಲ್ಲ. ಆರ್‌ಎಫ್ ಲೆನ್ಸ್‌ನ ಕಂಟ್ರೋಲ್ ರಿಂಗ್‌ಗೆ ಕಾಂಪೆನ್ಸೇಶನ್ ಕೊಟ್ಟುಕೊಳ್ಳಿ. ಕಣ್ಣು ವ್ಯೂಫೈಂಡರ್‌ನಿಂದ ತೆಗೆಯದೆ ಎಡಗೈಯಲ್ಲೇ ತಿರುಗಿಸಬಹುದು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಸುಲಭದ ವ್ಯವಸ್ಥೆ.

ಫ್ಯೂಜಿಯ ಗುರುತು ಇರುವ ಡಯಲ್ ±3ರವರೆಗೆ ಹೋಗುತ್ತದೆ. ಅದನ್ನು "ಸಿ" ಗುರುತಿಗೆ ತಂದರೆ ಮುಂದಿನ ಡಯಲ್‌ನಿಂದ ±5ರವರೆಗೆ ಕೊಡಬಹುದು.

+2 ಕೊಟ್ಟರೂ ಬೆಳ್ಳಗಾಗುತ್ತಿಲ್ಲ. ಐಎಸ್‌ಒ ಆಟೋದಲ್ಲೇ ಇದೆ.

ಆಟೋ ಐಎಸ್‌ಒಗೆ ನೀವು ಒಂದು ಗರಿಷ್ಠ ಮಿತಿ ಇಟ್ಟಿರುತ್ತೀರಿ, 6400 ಅಂತಲೋ ಏನೋ. ಅದು ಅಲ್ಲಿಗೆ ಮುಟ್ಟಿದೆ. ಮಿತಿ ಏರಿಸಿ, ಇಲ್ಲವೇ ಶಟರ್ ನಿಧಾನ ಮಾಡಿ.

ಇದರ ಉಲ್ಟಾ ಇನ್ನೂ ಜಾಸ್ತಿ ಆಗುತ್ತದೆ. ನಡು ಮಧ್ಯಾಹ್ನ ಎಫ್ 1.8, ಶಟರ್ 1/250 ಇಟ್ಟುಕೊಂಡು "ಮೈನಸ್ ಮೂರು ಕೊಟ್ಟರೂ ಬಿಳಿ ಬಿಳಿ" ಅನ್ನುತ್ತಾರೆ. ಐಎಸ್‌ಒ 100ಕ್ಕೆ ಬಂದು ನಿಂತಿದೆ, ಅದಕ್ಕಿಂತ ಕೆಳಗೆ ಇಳಿಯಲು ಜಾಗವಿಲ್ಲ. ಪೂರ್ತಿ ಬಿಸಿಲಲ್ಲಿ ಐಎಸ್‌ಒ 100ಕ್ಕೆ ಎಫ್ 16, 1/100 ಅನ್ನುವುದು ಹಳೆಯ ಸ್ಟುಡಿಯೋದವರ ಲೆಕ್ಕ. ಅದನ್ನು ಎಫ್ 1.8ಕ್ಕೆ ತಂದರೆ ಹತ್ತಿರ ಹತ್ತಿರ 1/8000 ಬೇಕು. ಶಟರ್ ಏರಿಸಿ ಅಥವಾ ಅಪರ್ಚರ್ ಮುಚ್ಚಿ.

ಪ್ಲಸ್ ಕೊಟ್ಟರೆ ಕ್ಯಾಮೆರಾಗೆ ಬೆಳಕು ಜಾಸ್ತಿ ಬರುತ್ತಾ?

ಎಂ ಮೋಡ್ ಮತ್ತು ಆಟೋ ಐಎಸ್‌ಒ ಇದ್ದಾಗ ಬರಲ್ಲ. ಇದನ್ನು ಚೆನ್ನಾಗಿ ಮನಸ್ಸಿಗೆ ತಗೊಳ್ಳಿ. ಸೆನ್ಸರ್ ಮೇಲೆ ಎಷ್ಟು ಬೆಳಕು ಬೀಳಬೇಕು ಅನ್ನುವುದು ಶಟರ್ ಮತ್ತು ಅಪರ್ಚರ್‌ನಲ್ಲೇ ತೀರ್ಮಾನವಾಗಿದೆ. ಪ್ಲಸ್ ಕೊಟ್ಟಾಗ ಬಂದಷ್ಟೇ ಬೆಳಕನ್ನು ಕ್ಯಾಮೆರಾ ಇನ್ನಷ್ಟು ಹಿಗ್ಗಿಸಿ ತೋರಿಸುತ್ತದೆ. ಮೈಕ್‌ನ ವಾಲ್ಯೂಮ್ ಏರಿಸಿದ ಹಾಗೆ. ಹಾಡುವವರ ದನಿ ಅಷ್ಟೇ ಇರುತ್ತದೆ, ಜೊತೆಗೆ ಗೊರಗೊರ ಸದ್ದೂ ದೊಡ್ಡದಾಗುತ್ತದೆ.

ಎ ಮೋಡ್‌ನಲ್ಲಿ (ಅಪರ್ಚರ್ ನಿಮ್ಮದು, ಶಟರ್ ಕ್ಯಾಮೆರಾದ್ದು) ಪ್ಲಸ್ ಕೊಟ್ಟರೆ, ಐಎಸ್‌ಒ ನೀವು ಹಿಡಿದಿದ್ದರೆ, ಶಟರ್ ನಿಧಾನವಾಗುತ್ತದೆ. ಅಲ್ಲಿ ನಿಜವಾಗಿಯೂ ಬೆಳಕು ಜಾಸ್ತಿ ಬರುತ್ತದೆ. ಎರಡಕ್ಕೂ ಹೆಸರು ಕಾಂಪೆನ್ಸೇಶನ್ನೇ, ಕೆಲಸ ಬೇರೆ ಬೇರೆ. ಹಾಗಾಗಿ ಎಂ ಮೋಡ್‌ನಲ್ಲಿ ಪ್ಲಸ್ ಕೊಡುವ ಮುಂಚೆ ಶಟರ್ ಇನ್ನೂ ಸ್ವಲ್ಪ ನಿಧಾನ ಮಾಡಬಹುದಾ ಅಂತ ನೋಡಿ. ಸುಮ್ನೆ ಕೂತಿರುವ ಅಜ್ಜಿಯ ಫೋಟೋಗೆ 1/1000 ಯಾಕೆ? 1/125 ಸಾಕು. ಮೂರು ಸ್ಟಾಪ್ ಬೆಳಕು ಪುಕ್ಕಟೆ ಸಿಕ್ಕಿತು.

ಟೊಮ್ಯಾಟೊ, ಗುಲಾಬಿ ಎಲ್ಲಾ ಬಣ್ಣ ಬಳಿದ ಹಾಗೆ ಬರುತ್ತೆ. ಹಿಸ್ಟೋಗ್ರಾಮ್ ನೋಡಿದರೆ ಸರಿಯಾಗೇ ಇದೆ.

ಕೋಲಾರದ ಟೊಮ್ಯಾಟೊ ಮಾರುಕಟ್ಟೆಗೆ ಹೋದ ಎಲ್ಲರಿಗೂ ಇದು ಆಗಿದೆ. ನೂರಾರು ಕ್ರೇಟ್, ಎಲ್ಲಾ ಕೆಂಪು. ಹಿಸ್ಟೋಗ್ರಾಮ್ ಅಂದರೆ ಎಡಗಡೆ ಕಪ್ಪು, ಬಲಗಡೆ ಬಿಳಿ ಎಷ್ಟಿದೆ ಅಂತ ತೋರಿಸುವ ಪಟ್ಟಿ. ನೀವು ನೋಡಿದ್ದು ಬಿಳಿ ಹಿಸ್ಟೋಗ್ರಾಮ್, ಅದು ಒಟ್ಟು ಹೊಳಪು ಮಾತ್ರ ಹೇಳುತ್ತದೆ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಹಾಕಿ ನೋಡಿ. ಕೆಂಪು ಬಲಗಡೆ ಗೋಡೆಗೆ ಒತ್ತಿಕೊಂಡು ನಿಂತಿರುತ್ತದೆ. ಕೆಂಪು ತುಂಬಿಹೋಗಿದೆ, ಆದರೆ ಹಸಿರು ನೀಲಿ ಕಡಿಮೆ ಇರುವುದರಿಂದ ಒಟ್ಟು ಲೆಕ್ಕದಲ್ಲಿ ಅದು ಗೊತ್ತಾಗಲ್ಲ. -0.7 ಕೊಟ್ಟರೆ ಹಣ್ಣಿನ ಸಿಪ್ಪೆಯ ಮೇಲಿನ ಹೊಳಪು, ಉಬ್ಬು, ತೊಟ್ಟಿನ ಸುತ್ತಲಿನ ಸಣ್ಣ ಗೆರೆ ವಾಪಸ್ ಬರುತ್ತವೆ. ಗುಲಾಬಿ, ಕೆಂಪು ದಾಸವಾಳ, ಚೆಂಡು ಹೂವಿಗೂ ಹೀಗೇ.

ವ್ಯೂಫೈಂಡರ್‌ನಲ್ಲಿ ಚೆನ್ನಾಗಿ ಕಾಣುತ್ತೆ, ಮನೆಗೆ ಬಂದು ನೋಡಿದರೆ ಕಪ್ಪು. ಯಾಕೆ?

ಎರಡು ಕಾರಣ ಇರಬಹುದು. ಒಂದು, ವ್ಯೂಫೈಂಡರ್‌ನ ಬ್ರೈಟ್‌ನೆಸ್ ಜಾಸ್ತಿ ಇದೆ. ಇನ್ನೊಂದು, ಎಕ್ಸ್‌ಪೋಶರ್ ಬದಲಾಗಿದ್ದನ್ನು ಪರದೆಯಲ್ಲಿ ತೋರಿಸುವ ಸೆಟ್ಟಿಂಗ್ ಆಫ್ ಆಗಿದೆ. ಫ್ಲ್ಯಾಶ್ ಹಾಕುವವರು ಅದನ್ನು ಬೇಕಂತಲೇ ಆಫ್ ಮಾಡಿಕೊಳ್ಳುತ್ತಾರೆ, ಆಮೇಲೆ ಆನ್ ಮಾಡಲು ಮರೆಯುತ್ತಾರೆ. ಮಿರರ್‌ಲೆಸ್‌ನ ದೊಡ್ಡ ವರವೇ ಅದು. ಫೋಟೋ ತೆಗೆಯುವ ಮುಂಚೆಯೇ ಫೋಟೋ ಕಾಣುತ್ತದೆ. ಅದನ್ನು ಆನ್ ಇಟ್ಟುಕೊಳ್ಳಿ.

ಹೊರಗೆ ಬಿಸಿಲಲ್ಲಿ ಹಿಂದಿನ ಪರದೆಯನ್ನು ನಂಬಬೇಡಿ. ಝೀಬ್ರಾ ಗೆರೆ ಇದ್ದರೆ ಹಾಕಿಕೊಳ್ಳಿ. ಬಿಳಿ ಅಳಿಸಿ ಹೋಗುವ ಜಾಗದಲ್ಲಿ ಓರೆ ಗೆರೆ ಓಡಾಡುತ್ತದೆ. ಅದು ಮಾಯವಾಗುವ ತನಕ ಮೈನಸ್ ಕಡೆ ಬನ್ನಿ.

ಮೀಟರಿಂಗ್ ಮೋಡ್ ಯಾವುದು ಇಡಲಿ?

ಇಡೀ ಫ್ರೇಮ್ ನೋಡುವ ಮಾಮೂಲಿ ಮೋಡ್ ಇಟ್ಟು, ಅದರ ನಡವಳಿಕೆ ಕಲಿಯಿರಿ. ದಿನಾ ಮೋಡ್ ಬದಲಿಸುತ್ತಿದ್ದರೆ ಎಷ್ಟು ಕಾಂಪೆನ್ಸೇಶನ್ ಬೇಕು ಅನ್ನುವ ಅಂದಾಜು ಕೈಗೆ ಹತ್ತುವುದೇ ಇಲ್ಲ. ಸ್ಪಾಟ್ (ಫ್ರೇಮಿನ ಒಂದು ಚಿಕ್ಕ ಜಾಗ ಮಾತ್ರ ಅಳೆಯುವ ಮೋಡ್) ಬಳಸುವುದಾದರೆ ಒಂದು ಉಪಾಯ: ನಿಮ್ಮ ಅಂಗೈಯನ್ನು ಅದೇ ಬೆಳಕಿಗೆ ಹಿಡಿದು ಅಳೆಯಿರಿ, +1 ಕೊಡಿ. ಅಂಗೈ ಸಾಮಾನ್ಯವಾಗಿ ಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತದೆ.

ಛತ್ರದಲ್ಲಿ ಮದುವೆ. ಒಂದು ಫೋಟೋ ಬೆಳ್ಳಗೆ, ಒಂದು ಕಪ್ಪಗೆ. ಆಟೋ ಐಎಸ್‌ಒ, ಕಾಂಪೆನ್ಸೇಶನ್ ಸೊನ್ನೆ.

ಮಂಟಪದ ಲೈಟು ಬದಲಾಗಲ್ಲ. ಬದಲಾಗುವುದು ಬಟ್ಟೆ. ಬಿಳಿ ಪಂಚೆ ಶಲ್ಯ ಉಟ್ಟ ಗಂಡು ಒಬ್ಬನೇ ಬಂದಾಗ ಐಎಸ್‌ಒ ಇಳಿದು ಅವನ ಮುಖ ಕಪ್ಪಾಗುತ್ತದೆ. ಗಾಢ ಬಣ್ಣದ ರೇಷ್ಮೆ ಸೀರೆಯ ಅಕ್ಕತಂಗಿಯರು ಸಾಲಾಗಿ ನಿಂತಾಗ ಐಎಸ್‌ಒ ಏರಿ ಮುಖ ತೇಲಿ ಹೋಗುತ್ತದೆ. ಧಾರೆ ಶುರುವಾಗುವ ಮುಂಚೆ ಮಂಟಪದಲ್ಲಿ ಕೂತ ಪುರೋಹಿತರ ಮುಖ ನೋಡಿಕೊಂಡು ಒಂದು ಐಎಸ್‌ಒ ಗೊತ್ತು ಮಾಡಿ, ಅದನ್ನು ಹಿಡಿದುಬಿಡಿ. ಮಂಟಪ ಬಿಟ್ಟು ಊಟದ ಹಾಲ್‌ಗೆ, ಬಾಗಿಲಿನ ಕಡೆಗೆ ಓಡಾಡುವಾಗ ಮಾತ್ರ ಆಟೋಗೆ ಬನ್ನಿ.

ಅಡ್ಡ ಪಟ್ಟಿ ಪಟ್ಟಿಯಾಗಿ ಬರುತ್ತಿದ್ದರೆ ಅದು ಎಲ್‌ಇಡಿ ದೀಪದ ಮಿನುಗು. ನಮ್ಮ ಕರೆಂಟು 50 ಹರ್ಟ್ಜ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಾಂಪೆನ್ಸೇಶನ್‌ನಿಂದ ಅದು ಹೋಗಲ್ಲ. ಶಟರ್ 1/100ಕ್ಕೆ ಇಳಿಸಿ.

ಫ್ಲ್ಯಾಶ್ ಹಾಕಿದಾಗ?

ಕಾಂಪೆನ್ಸೇಶನ್ ಫ್ಲ್ಯಾಶ್‌ಗೂ ತಾಗಬೇಕಾ, ಹಿನ್ನೆಲೆಗೆ ಮಾತ್ರ ಸಾಕಾ ಅಂತ ಸೋನಿ, ನಿಕಾನ್ ಎರಡರಲ್ಲೂ ಮೆನುವಿನಲ್ಲಿ ಆರಿಸಬಹುದು. ಹಿನ್ನೆಲೆಗೆ ಮಾತ್ರ ಅಂತ ಇಡಿ. ಫ್ಲ್ಯಾಶ್‌ಗೆ ಅದರದೇ ಬೇರೆ ಪ್ಲಸ್-ಮೈನಸ್ ಇದೆ.

ನಂದಿ ಬೆಟ್ಟದ ಸೂರ್ಯೋದಯಕ್ಕೆ ಏನು ಇಡಬೇಕು?

ಸೂರ್ಯ ಬರುವ ಮುಂಚೆ ಆಕಾಶದ ಕೆಂಪು ನೇರಳೆ ಉಳಿಯಬೇಕೆಂದರೆ -0.7. ಸೊನ್ನೆಯಲ್ಲಿ ಕ್ಯಾಮೆರಾ ಆ ಮಬ್ಬನ್ನು ಬೆಳಗು ಮಾಡಿಬಿಡುತ್ತದೆ, ಬಣ್ಣ ಸಪ್ಪೆಯಾಗುತ್ತದೆ. ಕೆಳಗೆ ಕಣಿವೆಯಲ್ಲಿ ಬಿಳಿ ಮಂಜು ತುಂಬಿದ್ದು, ಸೂರ್ಯ ಫ್ರೇಮಿನಲ್ಲಿ ಇಲ್ಲದಿದ್ದರೆ +0.7. ಸೂರ್ಯ ಮೇಲೆ ಬಂದು ಫ್ರೇಮಿನೊಳಗೆ ಕೂತಾಗ ಮೀಟರ್ ತಾನಾಗಿಯೇ ತುಂಬಾ ಇಳಿಸುತ್ತದೆ. ಆಗ ಕಣ್ಣಿಗೆ ಕಂಡಂತೆ ತಿದ್ದಿ. ಮುಂದೆ ನಿಂತ ಜನರು ಬರೀ ನೆರಳಿನ ಆಕಾರ ಆಗಬೇಕಾದರೆ ಮೈನಸ್, ಅವರ ಮುಖ ಬೇಕಾದರೆ +1.3ರ ಮೇಲೆ. ಆಗ ಆಕಾಶದ ಆಸೆ ಬಿಡಬೇಕು.

ಆ ಒಂದು ಗಂಟೆಯಲ್ಲಿ ಐಎಸ್‌ಒ ಸಾವಿರಗಳಿಂದ 100ಕ್ಕೆ ಇಳಿಯುತ್ತಾ ಬರುತ್ತದೆ. 100 ಮುಟ್ಟಿದ್ದು ಕಂಡ ತಕ್ಷಣ ಶಟರ್ ಏರಿಸಿ, ಇಲ್ಲದಿದ್ದರೆ ಮೈನಸ್ ಕೆಲಸ ಮಾಡಲ್ಲ.

ಕ್ಯಾಮೆರಾ ಆಫ್ ಮಾಡಿದರೆ ಕಾಂಪೆನ್ಸೇಶನ್ ಸೊನ್ನೆಗೆ ಬರುತ್ತಾ?

ಹೆಚ್ಚಿನ ಕ್ಯಾಮೆರಾಗಳಲ್ಲಿ ಬರಲ್ಲ. ಕೆಲವು ಸೋನಿ ಮಾಡೆಲ್‌ಗಳಲ್ಲಿ ಹಾಗೆ ವಾಪಸ್ ಬರುವ ಸೆಟ್ಟಿಂಗ್ ಇದೆ. ಗುರುತಿನ ಡಯಲ್ ಇರುವ ಕ್ಯಾಮೆರಾದಲ್ಲಿ ನೀವು ತಿರುಗಿಸುವ ತನಕ ಅದು ಅಲ್ಲೇ.

ನಾನು ಒಮ್ಮೆ ನಂದಿಯಲ್ಲಿ -1.7ರಲ್ಲಿ ಸೂರ್ಯೋದಯ ತೆಗೆದು, ಹಾಗೇ ದೊಡ್ಡಮ್ಮನ ಮನೆಯ ಗೃಹಪ್ರವೇಶಕ್ಕೆ ಹೋದೆ. ಅವತ್ತು ಬರೀ ಜೆಪೆಗ್ ತೆಗೆಯುತ್ತಿದ್ದೆ. ಹೋಮದ ಹೊಗೆಯಲ್ಲಿ ಪರದೆ ಸರಿಯಾಗಿ ನೋಡಲಿಲ್ಲ. ಮನೆಗೆ ಬಂದು ನೋಡಿದರೆ ದೊಡ್ಡಮ್ಮ ಹಾಲು ಉಕ್ಕಿಸುವ ಫೋಟೋದಲ್ಲಿ ಅವರ ಮುಖವೇ ಇಲ್ಲ, ಕತ್ತಲು. ಏರಿಸಲು ನೋಡಿದೆ, ಮುಖದ ಮೇಲೆ ಬರೀ ಕಾಳು ಕಾಳು. ದೊಡ್ಡಮ್ಮ "ಹೋಗಲಿ ಬಿಡಪ್ಪ" ಅಂದರು. ನನಗೆ ಮಾತ್ರ ಇವತ್ತಿಗೂ ಆ ಬೇಜಾರು ಹೋಗಿಲ್ಲ. ಈಗ ಲೆನ್ಸ್ ಮುಚ್ಚಳ ಹಾಕುವ ಮುಂಚೆ ಹೆಬ್ಬೆರಳಿನಿಂದ ಡಯಲ್ ಸೊನ್ನೆಗೆ ತರುವುದು ಅಭ್ಯಾಸವಾಗಿದೆ.

ರಾ ತೆಗೆದರೆ ಆಮೇಲೆ ಸರಿ ಮಾಡಬಹುದಲ್ಲ, ಇದೆಲ್ಲ ಬೇಕಾ?

ಕಪ್ಪಾಗಿದ್ದನ್ನು ರಾನಲ್ಲಿ (ಸೆನ್ಸರ್ ಕೊಟ್ಟ ಮಾಹಿತಿ ಹಾಗೇ ಉಳಿಯುವ ಫೈಲ್) ಒಂದೆರಡು ಸ್ಟಾಪ್ ಏರಿಸಬಹುದು. ಬಿಳಿ ಅಳಿಸಿ ಹೋಗಿದ್ದನ್ನು ವಾಪಸ್ ತರಲು ಆಗಲ್ಲ, ಅಲ್ಲಿ ಏನೂ ಉಳಿದಿರುವುದೇ ಇಲ್ಲ. ಅನುಮಾನ ಬಂದರೆ ಮೈನಸ್ ಕಡೆಗೆ ಒಂದು ಕ್ಲಿಕ್ ಇರಲಿ.

ವೀಡಿಯೋಗೂ ಇದೇನಾ?

ಹೌದು. ಶಟರ್ 1/50, ಅಪರ್ಚರ್ ನಿಮ್ಮದು, ಐಎಸ್‌ಒ ಆಟೋ, ಕಾಂಪೆನ್ಸೇಶನ್ ಬೇಕಾದಷ್ಟು. ರೆಕಾರ್ಡ್ ಆಗುವಾಗ ಡಯಲ್ ತಿರುಗಿಸಿದರೆ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಹಾರುವುದು ವೀಡಿಯೋದಲ್ಲಿ ಕಾಣುತ್ತದೆ. ಶುರು ಮಾಡುವ ಮುಂಚೆಯೇ ಇಟ್ಟುಕೊಳ್ಳಿ.

ಮುಂದಿನ ಭಾನುವಾರ ಬರ್ತೀನಿ. ಏನು ತಯಾರಿ ಮಾಡಿಕೊಂಡು ಬರಲಿ?

ಐಎಸ್‌ಒ ಆಟೋ ಆನ್-ಆಫ್ ಮಾಡುವುದು, ಕಾಂಪೆನ್ಸೇಶನ್ ತಿರುಗಿಸುವುದು, ಇವೆರಡನ್ನೂ ಕ್ಯಾಮೆರಾ ಕಣ್ಣಿಗೆ ಹಿಡಿದುಕೊಂಡೇ ಮಾಡಲು ಬರಬೇಕು. ಬಟನ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಿರಲಿ. ಪಂಚೆ ಕಂಬಳಿ ಪರೀಕ್ಷೆ ಮಾಡಿದ ಆರು ಫೋಟೋ ಕಾರ್ಡ್‌ನಲ್ಲಿ ಇಟ್ಟುಕೊಂಡು ಬನ್ನಿ: ಎರಡೂ ಸೊನ್ನೆಯಲ್ಲಿ, ಎರಡೂ ಪ್ಲಸ್‌ನಲ್ಲಿ, ಎರಡೂ ಮೈನಸ್‌ನಲ್ಲಿ. ಕಂಬಳಿ ಮನೆಯಲ್ಲಿ ಇಲ್ಲದಿದ್ದರೆ ಕಪ್ಪು ಕೊಡೆ ಬಿಚ್ಚಿಟ್ಟರೂ ಆಗುತ್ತದೆ. ಬ್ಯಾಟರಿ ಎರಡು ತನ್ನಿ. ಚಳಿಯಲ್ಲಿ ಬೇಗ ಇಳಿಯುತ್ತದೆ.